ಮೂಗಿಲ್ಲದ ನಾಣ್ಯ

ಸೊಹಾರಿನ ದಂಡೆಯಲ್ಲಿ, ಒಣಮೀನಿನ ರಾಶಿಗೂ
ಖರ್ಜೂರದ ಬುಟ್ಟಿಗಳಿಗೂ ನಡುವೆ
ಒಂದು ಚಾಪೆಯಗಲ ನೆರಳು.
ಅಲ್ಲಿ ಕೂರುತ್ತಿದ್ದ ಚಿನಿವಾರ ಮಾಹ್ಯಾರ, ಹುಟ್ಟುಕುರುಡ.

ಅವನಿಗೆ ಸಾಮ್ರಾಟನೆಂದರೆ ಒಂದು ಮೂಗು.
ಹೆಬ್ಬೆರಳು ಸವರಿದರೆ ಸಾಕು:
ಮೂಗು, ಗಡ್ಡದ ಗಂಟು, ಕಿರೀಟಕ್ಕೆರಡು ರೆಕ್ಕೆ;
ಮಗುಚಿದರೆ ಬೆಂಕಿಯ ಕಟ್ಟೆ, ಕಾವಲಿಗೆ ಇಬ್ಬರು.
"ಸಾಚಾ" ಎನ್ನುತ್ತಿದ್ದ. ಪೇಟೆ ನಂಬುತ್ತಿತ್ತು.

ಕೊನೆಯ ಸಾಮ್ರಾಟ ಎಲ್ಲೋ ಗಿರಣಿಯೊಂದರಲ್ಲಿ ಸತ್ತನಂತೆ,
ಹಡಗಿನವರು ಹೇಳಿದರು.
ಮೂಗು ಮಾತ್ರ ಬರುತ್ತಲೇ ಇತ್ತು, ಹೊಸದಾಗಿ ಅಚ್ಚಾಗಿ,
ಅಂಚಿನಲ್ಲಿ ಇರುವೆಸಾಲಿನಂಥದ್ದೇನೋ ಹೆಚ್ಚಿಗೆ.
"ದೇವರ ಹೆಸರಿನಲ್ಲಿ ಅಂತ" ಎಂದರು ಯಾರೋ.
ಅವನು ನಕ್ಕ: ಇರಲಿ ಬಿಡಿ, ಅಂಚಿನಲ್ಲಿ ತಾನೆ.
ತೂಕ ಕಮ್ಮಿಯಿಲ್ಲವಲ್ಲ.

ಕತ್ತಿಯ ಕಾಲ ಇರಲಿಲ್ಲವೆಂದಲ್ಲ.
ದಿಬ್ಬಾದಿಂದ ಬಂದ ವಿಧವೆಯರು ಓಲೆ ಬಿಚ್ಚಿಟ್ಟದ್ದನ್ನು
ಅವನಪ್ಪನ ತಕ್ಕಡಿ ಬಲ್ಲದು.
ಆದರೆ ಮಗನ ಬೆರಳಿಗೆ ಹೊಸ ಆಳಿಕೆ ಬಂದದ್ದು
ಅಂಚಿನಿಂದ, ನಲವತ್ತು ವರ್ಷ, ತೆವಳುತ್ತ.

ಒಂದು ದಿನ ಬಸ್ರಾದ ವ್ಯಾಪಾರಿ ಚಾಪೆಗೆ ಸುರಿದ
ದಿರ್ಹಮುಗಳಲ್ಲಿ ಮೂಗಿಲ್ಲ.
ಮಗುಚಿದ. ಬೆಂಕಿಯಿಲ್ಲ.
ಇಳಿತದ ಕಡಲು ಮರಳಲ್ಲಿ ಬಿಟ್ಟುಹೋದಂಥ
ಗೆರೆ, ಗೆರೆ, ಗೆರೆ.
ತಕ್ಕಡಿಗಿಟ್ಟ: ಒಂದು ಮೂಗಿನ ತೂಕ ಕಮ್ಮಿ.
ಅವತ್ತು ಆ ಬೆರಳು ಮೊದಲ ಸಲ ಕುರುಡಾಯಿತು.

ಮೂರು ದಿನ ಚಾಪೆ ಹಾಸಲಿಲ್ಲ.
ನಾಲ್ಕನೆಯ ದಿನ ಹಮಾಲಿ ಹುಡುಗ ಸುವೈದನ ಮೊಣಕೈ ಹಿಡಿದು,
"ನಡುವೆ ಮೊದಲಿಗೆ ಏನಿದೆ, ಓದು."
"ಲಾ."
"ಅಂದರೆ?"
"ಇಲ್ಲ."
ಮುದುಕ ಬಹಳ ಹೊತ್ತು ನಾಣ್ಯ ಸವರುತ್ತ ಕೂತ.
"ಸುಳ್ಳು ಬರೆದಿಲ್ಲ" ಎಂದ ಕೊನೆಗೆ. "ಅವನಿಲ್ಲ."
"ಅಲ್ಲ ಅಜ್ಜ, ಅದು ಮುಂದಕ್ಕೆ ಬೇರೆ..."
"ಮುಂದಿನದು ನಾಳೆ ಹೇಳಿಕೊಡು."

ಒದ್ದೆ ಮರಳಲ್ಲಿ ಲಾಮ್, ಅಲಿಫ್.
ಅಲೆ ಅಳಿಸುವುದು, ಹುಡುಗ ಬಯ್ಯುವುದು, ಮತ್ತೆ ಲಾಮ್.

ಆಮೇಲೆ ಅವನು ನಂಬಿದನೇ? ನನ್ನನ್ನು ಕೇಳಬೇಡಿ.
ಮನೆಯ ಗೂಡಿನ ದೀಪ ಆರಲಿಲ್ಲ.
ಕರೆ ಕೇಳಿ ಸುವೈದ ಎದ್ದುಹೋದಾಗ
ಅವನ ಬುಟ್ಟಿಗೂ ತಾನೇ ಕಾವಲು ಕೂತ.

ತಲೆಗಂದಾಯದ ದಿನ ಬಂತು.
ವಸೂಲಿಯವನು ಮರಳುಗಾಡಿನವ, ದೊಡ್ಡ ದನಿ,
ನಾಣ್ಯವನ್ನು ತಲೆಕೆಳಗಾಗಿ ಹಿಡಿದು ಕಣ್ಣು ಕಿರಿದು ಮಾಡಿದ.
ಮಾಹ್ಯಾರ ಮೆಲ್ಲನೆ ಅವನ ಕೈಯಲ್ಲೇ ಅದನ್ನು ತಿರುಗಿಸಿಟ್ಟು,
ಹೆಬ್ಬೆರಳು ಓಡಿಸುತ್ತ ಓದಿದ:
ನಡುವಿನದನ್ನು ಪೂರ್ತಿ, ತಡವರಿಸದೆ;
ಆಮೇಲೆ ಅಂಚು, ಈಗ ಅಲ್ಲಿರುವುದು ಬರೀ ಊರು, ವರ್ಷ:
"ಬಸ್ರಾ. ಎಪ್ಪತ್ತೊಂಬತ್ತು."

"ಸಾಚಾ" ಎಂದ.