ನುಣ್ಣನೆಯ ಓಣಿ

ಸಸಿಹಿತ್ಲು, ಬೆಳಗಿನ ಆರೂವರೆ.
ಕಂಕುಳಲ್ಲಿ ಹಲಗೆ. ಇಳಿಯಬಿಡಲಿಲ್ಲ ಧನಪಾಲಣ್ಣ.
"ಮೊದಲು ಕೂತು ನೋಡು."

ಅವನ ಬೀಡಿ ಮುಗಿಯುವಷ್ಟು ಹೊತ್ತು ನೋಡಿದೆ.
ಎಡಕ್ಕೆ ನೊರೆ, ಬಲಕ್ಕೆ ನೊರೆ,
ನಡುವೆ ಇಸ್ತ್ರಿ ಹಾಕಿದ ಲುಂಗಿಯಂಥ
ಒಂದು ಓಣಿ.

"ಅಲ್ಲೇ ಇಳಿಯುವಾ?"
ನಕ್ಕ. ಒಣ ಗರಿಯ ತುಂಡೊಂದು ಎಸೆದ.
ನಾನು ಮೂವತ್ತು ಎಣಿಸುವುದರೊಳಗೆ
ಅದು ನೊರೆಯ ಗೆರೆಯಾಚೆ.

"ಗದ್ದಲದ ಅಲೆ ದಡಕ್ಕೆ ನೂಕುತ್ತದೆ ಮಾರಾಯ್ತಿ,
ಸುಮ್ಮನಿರುವುದೇ ಒಯ್ಯುವುದು.
ಒಯ್ದರೆ ಜಗಳ ಬೇಡ.
ತೇಲು, ಕೈ ಎತ್ತು,
ದಡ ಬೇಕೆಂದು ದಡಕ್ಕೇ ಈಜಬೇಡ.
ಅಡ್ಡ ಈಜು,
ಅಳಿವೆಗೆ ಬೆನ್ನು ಹಾಕಿ, ಸುರತ್ಕಲ್ ಕಡೆಗೆ."

ಎದ್ದು ಹೋಗಿ ಕೆಂಪು ಬಾವುಟ ಏರಿಸಿ ಬಂದ.

ಮನೆಯಲ್ಲಿ ಅಮ್ಮ
ನನ್ನ ಒಣ ಜಡೆ ಮುಟ್ಟಿ ಕೇಳಿದಳು:
"ಇವತ್ತು ಏನೂ ಕಲಿಸಲಿಲ್ಲವಾ?"