ನೂರು ಪದ ಮೀರಬಾರದು

ಹಡರ್ಸ್‌ಫೀಲ್ಡು. ಕಾಲುವೆಗೆ ಬೆನ್ನು ಕೊಟ್ಟ ಉಣ್ಣೆ ಗಿರಣಿ.
ಮಗ್ಗಗಳಿದ್ದ ಕಡೆ ಈಗ ಮಗ್ಗುಗಳು,
ಏಳು, ಯಾರೂ ತೊಳೆಯದವು.
ಮೂರನೆಯ ಮಹಡಿ ನೃತ್ಯ ವಿಭಾಗಕ್ಕೆ, ಕೆಳಗಿನ ಗೂಡು ನನಗೆ.
ವರ್ಷಕ್ಕೊಮ್ಮೆ ಕೈಪಿಡಿ ಅಚ್ಚಿಗೆ ಹೋಗುತ್ತದೆ:
ಅಧ್ಯಾಪಕರ ಪರಿಚಯ, ತಲೆಗೆ ನೂರು ಪದ.
ಮೀರಿದರೆ ಕತ್ತರಿ ನನ್ನ ಕೈಲಿ.
ನನ್ನ ಪರಿಚಯ ಅದರಲ್ಲಿಲ್ಲ,
ಹಾಗಾಗಿ ನಾನು ಎಷ್ಟು ಬೇಕಾದರೂ ಮಾತಾಡಬಹುದು.

ಗ್ಲೆಂಡಾ ಆರ್ಮಿಟೇಜ್ ಬರೆದುಕೊಡುತ್ತಾಳೆ:
'ಹನ್ನೊಂದು ದೇಶಗಳಲ್ಲಿ ಪ್ರದರ್ಶನ.'
ಸುಳ್ಳಲ್ಲ. ಹಡಗು ಹನ್ನೊಂದು ಬಂದರಿನಲ್ಲಿ ನಿಂತಿತ್ತು.
ರಾತ್ರಿಗೆ ಎರಡು ಆಟ, ತಲೆಯ ಮೇಲೆ ಮೂರು ಸೇರು ಗರಿ,
ಮುಂದಿನ ಸಾಲಿನಲ್ಲಿ ನಿದ್ದೆ ಹೋದ ಪಿಂಚಣಿದಾರರು.
ನೆಲ ಎಡಕ್ಕೆ ವಾಲಿದರೆ ನೀನು ಬಲಕ್ಕಿರು,
ನೋಡುವವನಿಗೆ ಮಾತ್ರ ಗೊತ್ತಾಗಬಾರದು:
ಮೊದಲ ವರ್ಷದವರಿಗೆ ಇಂದಿಗೂ ಅವಳು ಕಲಿಸುವುದು ಇದನ್ನೇ.
ಪಠ್ಯಕ್ರಮದಲ್ಲಿ ಅದಕ್ಕೆ ಬೇರೆ ಹೆಸರಿದೆ.

ಡಾಕ್ಟರ್ ಎವರ್ಟನ್ ಪಿಂಕ್ನಿ, ಲೀಡ್ಸಿನ ಚಾಪಲ್‌ಟೌನ್.
ಸೋದರತ್ತೆ ಕಾರ್ನಿವಲ್ಲಿಗೆ ಕಟ್ಟಿದ ತಂತಿಯ ರೆಕ್ಕೆಯನ್ನು
ಒಂಬತ್ತನೆಯ ವಯಸ್ಸಿಗೇ ಹೆಗಲಿಗೇರಿಸಿದವ.
ಪಿಎಚ್‌ಡಿ ಆ ಹೆಗಲಿನ ಮೇಲೆಯೇ:
ಭಾರ ಹೊತ್ತದ್ದು ಹೇಗೆ ಕುಣಿಯುತ್ತದೆ, ಮುನ್ನೂರು ಪುಟ.
ಎಂಟು ವರ್ಷ ಯಾಕೆ ಹಿಡಿಯಿತು ಎಂದರೆ ನಗುತ್ತಾನೆ:
ಸೋಮವಾರ ಹಲ್, ಮಂಗಳವಾರ ಸಾಲ್ಫರ್ಡ್, ಬುಧವಾರ ಡಾರ್ಬಿ,
ಅಧ್ಯಾಯಗಳೆಲ್ಲ ರೈಲಿನಲ್ಲೇ.
ಯಾವ ಕಾಲೇಜೂ ದುಡ್ಡು ಕೊಡದ ಆ ಟಿಕೆಟ್ಟುಗಳು
ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಇವೆ.
ನಾನು ಉಳಿಸಿದ್ದು: 'ವ್ಯಾಪಕ ಬೋಧನಾನುಭವ.'

ಬೊಗುಮಿಲಾಗೆ ಡಿಗ್ರಿಯಿಲ್ಲ.
ಪೊಜ್ನಾನ್ ಶಹರದಲ್ಲಿ ಹತ್ತನೆಯ ವಯಸ್ಸಿನಿಂದ
ದಿನಕ್ಕೆ ಆರು ತಾಸು ಕಂಬಿ ಹಿಡಿದು ನಿಂತದ್ದಕ್ಕೆ
ನಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ ಹೆಸರಿಲ್ಲ.
ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗದು, ಹಟಮಾರಿ.
'ಇತರೆ' ಒತ್ತಿದೆ.
'ಇತರೆ' ಎಂದು ಅವಳೂ ಹೇಳಿ ನೋಡಿದಳು,
ಎರಡು ಸಲ ಕೊಯ್ಸಿಕೊಂಡ ಬಲಸೊಂಟ ಸವರುತ್ತ.
ಮೇಡಂ ಹೊಗಳುವುದೇ ಇಲ್ಲ ಎಂದು ಹುಡುಗರ ದೂರು.
ಹೊಗಳುತ್ತಾಳೆ. ಸರಿಯಾಗಿ ನಿಂತವರನ್ನು
ಮಾತಿಲ್ಲದೆ ದಾಟಿ ಹೋಗುತ್ತಾಳೆ, ಅದೇ.

ಶಾಝಿಯಾ ಗಂಟೆ ಲೆಕ್ಕದವಳು. ಗಂಟೆಯವರಿಗೆ ಫೋಟೋ ಇಲ್ಲ.
ಕಥಕ್ ಕಲಿತದ್ದು ಡ್ಯೂಸ್‌ಬರಿಯಲ್ಲಿ, ಚಿಕ್ಕಪ್ಪನ ಬೇಕರಿಯ ಅಟ್ಟದಲ್ಲಿ,
ಹಿಟ್ಟಿನ ಮೂಟೆಗಳ ನಡುವೆ,
ಕೆಳಗೆ ಗಿರಾಕಿಗಳಿಗೆ ಕೇಳದಂತೆ ಗೆಜ್ಜೆಗೆ ಕಾಲುಚೀಲ ತೊಡಿಸಿ.
ಅವಳ ಚೀಟಿ ಚಿಕ್ಕದು:
'ಭಾನುವಾರ ಈಗಲೂ ಬೇಕರಿ. ದಯವಿಟ್ಟು ಹಾಕಬೇಡಿ.'

ಒಮ್ಮೆ ಚಹದ ಹೊತ್ತಿಗೆ ನಮ್ಮ ಗಾದೆ ಹೇಳಿದ್ದೆ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಎಲ್ಲರೂ ನಕ್ಕರು. ಗ್ಲೆಂಡಾ ಮಾತ್ರ,
'ನಮ್ಮದು ಡೊಂಕೇ ಇದೆಯಲ್ಲ?'

ಈ ಆಗಸ್ಟಿನಲ್ಲಿ ಬಡಗಿ ಬಂದು ಹಲಗೆ ಎಬ್ಬಿಸಿದ.
ಕೆಳಗೆ ಮಗ್ಗ ಬಿಗಿದಿದ್ದ ಬೋಲ್ಟಿನ ತೂತುಗಳು,
ತೂತಿನಲ್ಲಿ ಎಣ್ಣೆ ಹಿಡಿದ ಉಣ್ಣೆಯ ಕರಿ ಉಂಡೆ.
ರಸಮಟ್ಟ ಇಟ್ಟ. ಗುಳ್ಳೆ ಓಡಿ ಮೂಲೆ ಸೇರಿತು.
ಕಾಲುವೆಯ ಕಡೆಗೆ ಎರಡು ಇಂಚು, ಎಂದ.
ಇಷ್ಟು ವರ್ಷ ಇದರ ಮೇಲೆ ಏನು ಮಾಡುತ್ತಿದ್ದಿರಿ?

ಯಾರೂ ಉತ್ತರಿಸಲಿಲ್ಲ.
ಬೊಗುಮಿಲಾ ತನ್ನ ಬಲಗಾಲು ನೋಡಿಕೊಂಡಳು.
ಗ್ಲೆಂಡಾ ಉಣ್ಣೆಯ ಉಂಡೆ ಎತ್ತಿ ಮೂಸಿ ಜೇಬಿಗೆ ಹಾಕಿದಳು.
ಸಂಜೆ ಕೆಳಗಿಳಿದು ಬಂದಳು:
'ಹನ್ನೊಂದು ದೇಶ ತೆಗೆದುಬಿಡು.
ಬರಿ: ಅಮ್ಮ ಈ ಕಟ್ಟಡದಲ್ಲಿ ಬಟ್ಟೆಯ ತಪ್ಪೆಳೆ ಹುಡುಕುತ್ತಿದ್ದಳು,
ಬೆರಳ ತುದಿಯಿಂದ, ಮೂವತ್ತು ವರ್ಷ.'

ಎಣಿಸಿದೆ. ನೂರಾನಾಲ್ಕು.
ಕತ್ತರಿ ಹುಡುಕುವವಳಂತೆ ಮೇಜಿನ ಖಾನೆ ಎಳೆದು
ಮತ್ತೆ ಮುಚ್ಚಿದೆ.
ಮಗ್ಗು ತೊಳೆಯಲು ಎದ್ದೆ.