ತುಂಬು

ಬ್ಯಾಡಗಿಯಲ್ಲಿ ರೈಲಿಳಿದವರು
ಮೊದಲು ಸೀನುತ್ತಾರೆ,
ಆಮೇಲೆ ಊರಿನ ಹೆಸರು ಓದುತ್ತಾರೆ.

ಫಕ್ಕೀರವ್ವ ಸೀನುವುದಿಲ್ಲ.
ಇಪ್ಪತ್ತೆರಡು ವರ್ಷ ಮೆಣಸಿನಕಾಯಿಯ ತುಂಬು ಮುರಿದವಳು.
ಕಡ್ಡಿಯೋ ಡಬ್ಬಿಯೋ, ಕೋಲ್ಡ್ ಸ್ಟೋರೇಜಿನಲ್ಲಿ
ಎಷ್ಟು ತಿಂಗಳು ಮಲಗಿ ಎದ್ದದ್ದೋ
ಕಣ್ಣು ಮುಚ್ಚಿ ಬೆರಳಲ್ಲೇ ಹೇಳುತ್ತಾಳೆ.

ಕಾಯಿಯ ತೊಟ್ಟಿಗೆ ತುಂಬು ಅನ್ನುತ್ತೇವೆ ನಾವು.
ಅದನ್ನು ಮುರಿದೇ ಹೊಟ್ಟೆ ತುಂಬಬೇಕು.
ಕಿಲೋಕ್ಕೆ ಇಷ್ಟು ಕೂಲಿ, ಸಂಜೆಗೆ ತೂಕ.
ಸಾವುಕಾರನ ಕಾಟಾದ ಮೇಲೆ
ಹದಿಮೂರು ಕಿಲೋ ಹನ್ನೆರಡಾಗುವುದು
ಗ್ರಹಚಾರವೆಂದೇ ಬಹಳ ದಿನ ನಂಬಿದ್ದೆವು.
"ಧೂಳಿ ಇರ್ತೈತಿ, ತ್ಯಾವ ಇರ್ತೈತಿ, ಕಳೀಬೇಕಲ್ಲ ಬೇ"
ಅನ್ನುತ್ತಿದ್ದ, ಪಾಪ, ಮೆಲ್ಲಗೇ.

ರಾತ್ರಿ ಕೈ ಉರಿ.
ಮಜ್ಜಿಗೆಯಲ್ಲಿ ಅದ್ದಿಟ್ಟುಕೊಂಡು
ಕೂಸನ್ನು ಮೊಣಕೈಯಿಂದ ತಟ್ಟಿ ಮಲಗಿಸಿದವರು ನಾವು.
ಈ ಬೆರಳು ಕಣ್ಣಿಗೆ ತಾಗಬಾರದು.
ಅಳುವುದಿದ್ದರೂ
ಸೆರಗಿನ ತುದಿಯಿಂದ, ಲೆಕ್ಕ ಹಾಕಿ.

ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ಬಂದಳು, ನಿವೇದಿತಾ.
ದೊಡ್ಡ ಹಾಳೆಯಲ್ಲಿ ತ್ರಿಕೋನ ಬರೆದಳು.
"ಬಡವರು ಇಲ್ಲಿ, ತಳದಲ್ಲಿದ್ದಾರೆ.
ಬೇಕಾದ್ದು ದಾನವಲ್ಲ, ಒಂದು ಮಾಡೆಲ್ಲು."
ಫಕ್ಕೀರವ್ವ ಹಾಳೆಯನ್ನು ತಿರುವಿ ಹಿಡಿದಳು.
"ಹಿಂಗ ಹಿಡದ್ರ ನಾವs ಮ್ಯಾಲ ಬಂದ್ವಿ ನೋಡ.
ಚಿತ್ರ ಇರಲಿ ತಂಗಿ,
ಮೊದಲ ನಮ್ದs ಒಂದು ಕಾಟಾ ತರೂಣು."

ಹದಿನೇಳು ಮಂದಿ. ಸಂಘದ ಸಾಲ,
ಅದರ ಮೇಲೆ ಮಾಬುಬಿಯ ಕಿವಿಯ ಓಲೆ.
ಕಾಟಾ ಬಂತು. ಅರಿಶಿಣ ಹಚ್ಚಿದೆವು, ಊದುಬತ್ತಿ ಅವಳದ್ದು.
ಮೊದಲು ತೂಗಿದ್ದು ಕಾಯಿಯನ್ನಲ್ಲ,
ಗುಡ್ಡವ್ವನ ಮೊಮ್ಮಗಳನ್ನು: ಹದಿಮೂರು ಕಿಲೋ ನಾನೂರು.
ಅಂಗನವಾಡಿಯ ಚೀಟಿ ತಂದು ತಾಳೆ ನೋಡಿ
"ಖರೇ ಹೇಳ್ತೈತಿ" ಅಂದಳು ಅಜ್ಜಿ.

ಹತ್ತನೇ ಇಯತ್ತೆ ಓದಿದವಳು ನಾನೊಬ್ಬಳೇ,
ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂತು.
ಮೊದಲ ವರ್ಷ ಖಾರದ ಪುಡಿಯ ಪಾಕೀಟು ಒಡೆದು
ಧಾರವಾಡದ ಖಾನಾವಳಿಯಿಂದ ಅರ್ಧ ಮಾಲು ವಾಪಸ್.
ಲಾಭದ ಕಾಲಮ್ಮಿನಲ್ಲಿ ಬರೆಯಲು ಏನೂ ಇರಲಿಲ್ಲ.
ಒಂದು ಬೀಜ ಅಂಟಿಕೊಂಡಿತ್ತು,
ಇರಲಿ ಅಂತ ಬಿಟ್ಟೆ.

ಮೂರನೆಯ ವರ್ಷ ನಮ್ಮ ಕೈ ಸಾಲದೆ
ಮೋಟೆಬೆನ್ನೂರಿನಿಂದ ಹನ್ನೊಂದು ಮಂದಿ ಕೂಲಿಗೆ ಬಂದರು.
ಕಾಟಾದ ಮುಂದೆ ಫಕ್ಕೀರವ್ವ,
ಪಕ್ಕದಲ್ಲಿ ಪೆನ್ನು ಹಿಡಿದು ನಾನು.
ದ್ಯಾಮವ್ವ ಚೀಲ ಇಟ್ಟಳು.
ಹನ್ನೆರಡು ಕಿಲೋ ಆರುನೂರು ಮಿನುಗಿತು.
"ಹನ್ನೆರಡು ಬರಿ," ಅಂದಳು ಫಕ್ಕೀರವ್ವ,
"ಧೂಳಿ ಇರ್ತೈತಿ, ತ್ಯಾವ ಇರ್ತೈತಿ..."

ಮಾತು ಅಲ್ಲಿಗೇ ನಿಂತಿತು.
ಯಾರೋ ಹಿಂದಿನಿಂದ ಕರೆದಂತೆ ತಿರುಗಿ ನೋಡಿದಳು.
ಹಿಂದೆ ಚೀಲಗಳ ಸಾಲು, ಗೋಡೆ.
ನಾನು ಬರೆದಾಗಿತ್ತು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ
ಕಾಟಾದ ಮುಖ ತಿರುಗಿತ್ತು,
ಅಂಕಿ ಈಗ ಚೀಲ ಹೊತ್ತು ತಂದವರ ಕಡೆಗೆ.
ಫಕ್ಕೀರವ್ವನಿಗೆ ಏನೂ ಕಾಣುವುದಿಲ್ಲ.
"ನೀವs ಓದ್ರಿ," ಅನ್ನುತ್ತಾಳೆ, ನೆಲ ನೋಡುತ್ತ.
ದ್ಯಾಮವ್ವನಿಗೆ ಅಂಕಿ ಬಾರದು.
ಹಿಂದಿದ್ದ ಹುಡುಗಿ ಕಿವಿಯಲ್ಲಿ ಹೇಳಿಕೊಟ್ಟಳು,
ಇವಳು ಎಲ್ಲರಿಗೂ ಕೇಳುವಂತೆ ಕೂಗಿದಳು:
"ಒಂದು... ಒಂದು... ಚಿಕ್ಕಿ... ಎಂಟು!"
ಇಡೀ ಶೆಡ್ಡು ನಕ್ಕಿತು.

ನಿನ್ನೆಯ ಆರುನೂರು ಗ್ರಾಮಿನ ಮಾತು
ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.
ನನ್ನ ಪುಸ್ತಕದಲ್ಲಿ ಅದು ಇವತ್ತಿಗೂ ಹನ್ನೆರಡೇ.
ಆ ಹಾಳೆ ತಿರುವುವಾಗೆಲ್ಲ
ಬರೆದ ಬೆರಳು ಕಣ್ಣಿಗೆ ತಾಗದಂತೆ
ನೋಡಿಕೊಳ್ಳುತ್ತೇನೆ.